ಒಗ್ಗರಣೆಗೆ ಮೊದಲೇ ನಾಯಿಯ ಪಾಲು

ಟೀ ಅಂಗಡಿಯ ಮುಂದಿರಲಿ, ಮನೆಯ ಜಗಲಿಯಲ್ಲಿರಲಿ, ನಾಯಿ ಬಾಲ ಆಡಿಸಿದರೆ ನಮ್ಮ ಕೈ ಹೋಗುವುದು ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣಕ್ಕೆ. ಮೈದಾ, ಸಕ್ಕರೆ, ಎಣ್ಣೆಯೇ ತುಂಬಿದ ಆ ಬಿಸ್ಕತ್ತಿನಿಂದ ನಾಯಿಗೆ ಬೊಜ್ಜು ಬರುತ್ತದೆಯೇ ಹೊರತು ಬೇರೆ ಲಾಭವಿಲ್ಲ. ರಾಗಿ ಹಿಟ್ಟು, ಸಿಹಿಗೆಣಸು ಇದ್ದರೆ ವಾರಕ್ಕಾಗುವಷ್ಟು ತಿನಿಸನ್ನು ಮನೆಯಲ್ಲೇ ಮಾಡಬಹುದು. ಮಾಡುವುದು ಸುಲಭ, ಉಪ್ಪು ಹಾಕದೆ ಇರುವುದೇ ಕಷ್ಟ!

ಬೇಕಾಗುವುದು ಇಷ್ಟು: ರಾಗಿ ಹಿಟ್ಟು 120 ಗ್ರಾಂ (ಸುಮಾರು ಒಂದು ಕಪ್), ಬೇಯಿಸಿ ಸಿಪ್ಪೆ ಸುಲಿದು ಹಿಸುಕಿದ ಸಿಹಿಗೆಣಸು ಅರ್ಧ ಕಪ್, ಒಂದು ಮೊಟ್ಟೆ, ಒಂದು ಸಣ್ಣ ಚಮಚ ಕೊಬ್ಬರಿ ಎಣ್ಣೆ. ಬೆಲ್ಲ, ಸೋಡಾ ಬೇಡ. ಮೊಟ್ಟೆ ತಾರದ ಮನೆಯಾದರೆ ಇನ್ನೆರಡು ಚಮಚ ಗೆಣಸು ಸೇರಿಸಿ. ಬಿಸ್ಕತ್ತು ತುಸು ಪುಡಿಯಾದೀತು, ತಿನ್ನುವವರು ದೂರುವುದಿಲ್ಲ.

ಗೆಣಸು ಆರಿದ ಮೇಲೆ ಎಲ್ಲವನ್ನೂ ಕಲಸಿ. ಬೇಕೆನಿಸಿದರೆ ಮಾತ್ರ ನೀರು ಚಿಮುಕಿಸಿ, ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ ಹತ್ತು ನಿಮಿಷ ಮುಚ್ಚಿಡಿ. ರಾಗಿಗೆ ಗೋಧಿಯ ಜಿಗುಟಿಲ್ಲ, ಲಟ್ಟಿಸುವಾಗ ಅಂಚು ಬಿರಿಯುತ್ತದೆ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಅರ್ಧ ಸೆಂ.ಮೀ. ದಪ್ಪಕ್ಕೆ ಲಟ್ಟಿಸಿದರೆ ಆ ತಾಪತ್ರಯ ಕಡಿಮೆ. 60 ತುಂಡು ಬರುವಂತೆ ಕತ್ತರಿಸಿ. ಒವನ್ ಇದ್ದರೆ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 25ರಿಂದ 30 ನಿಮಿಷ ಬೇಯಿಸಿ, ಸ್ವಿಚ್ ಆರಿಸಿ ಅದರೊಳಗೇ ತಣಿಯಲು ಬಿಡಿ. ಇಲ್ಲವಾದರೆ ದಪ್ಪ ತಳದ ಕಾವಲಿಯೇ ಸಾಕು. ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ ಒಂದೊಂದು ಬದಿಗೆ ಹತ್ತು ನಿಮಿಷ, ಆಮೇಲೆ ಮುಚ್ಚಳ ತೆಗೆದು ಗರಿಯಾಗುವ ತನಕ. ಮುರಿದರೆ ಟಕ್ಕೆನ್ನಬೇಕು, ಬಾಗಿದರೆ ಒಳಗಿನ್ನೂ ಪಸೆ ಇದೆ, ಬೂಸ್ಟು ಹಿಡಿಯುತ್ತದೆ. ಚೆನ್ನಾಗಿ ಒಣಗಿದ್ದು ಗಾಳಿಯಾಡದ ಡಬ್ಬಿಯಲ್ಲಿ ವಾರ ಇರುತ್ತದೆ. ಮಳೆಗಾಲದಲ್ಲಿ ಫ್ರಿಜ್ಜೇ ವಾಸಿ.

ಇನ್ನು ಅಪಾಯದ ಮಾತು. ನಮ್ಮ ಅಡುಗೆಗೆ ರುಚಿ ಕೊಡುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಪುಡಿ ಮಾಡಿದರೂ ಆ ಗುಣ ಹೋಗದು. ಹಾಗಾಗಿ ಉಳಿದ ಸಾಂಬಾರು, ಪಲ್ಯ ಕಲಸಿ ಹಾಕುವ ಅಭ್ಯಾಸ ಬಿಡಬೇಕು. ಕ್ಯಾರೆಟ್, ಬೀನ್ಸ್, ಕುಂಬಳ, ಮೂಳೆಯಿಲ್ಲದ ಕೋಳಿ ಇವೆಲ್ಲ ಬೆಂದಾಗ, ಉಪ್ಪು–ಖಾರ–ಒಗ್ಗರಣೆ ಬೀಳುವ ಮೊದಲೇ ನಾಯಿಯ ಪಾಲು ತೆಗೆದಿಟ್ಟರೆ ಮುಗಿಯಿತು. ಬೆಂದ ಮೂಳೆ ಚೂಪಾಗಿ ಸೀಳಿ ಕರುಳನ್ನು ಗಾಯ ಮಾಡಬಲ್ಲದು. ಹಬ್ಬದ ದಿನ ಕೇಸರಿಬಾತು, ಪಾಯಸದಲ್ಲಿರುವ ಒಣದ್ರಾಕ್ಷಿ ಇನ್ನೂ ಕೆಟ್ಟದ್ದು; ಕೆಲವು ನಾಯಿಗಳ ಮೂತ್ರಪಿಂಡ ಸ್ವಲ್ಪಕ್ಕೇ ಕೈಕೊಡುತ್ತದೆ. ಚಾಕೊಲೇಟ್ ಕೂಡದು. ಪೀನಟ್ ಬಟರ್ ಹಾಕುವ ಮನಸ್ಸಿದ್ದರೆ ಲೇಬಲ್ ಓದಿ, ಕ್ಸೈಲಿಟಾಲ್ ಇದ್ದರೆ ಮುಟ್ಟಬೇಡಿ. ಆ ಸಿಹಿ ನಾಯಿಯ ರಕ್ತದ ಸಕ್ಕರೆಯನ್ನು ತಟ್ಟನೆ ಇಳಿಸುತ್ತದೆ, ಯಕೃತ್ತಿಗೂ ಹಾನಿ.

ತಿನಿಸು ದಿನದ ಒಟ್ಟು ಕ್ಯಾಲೊರಿಯಲ್ಲಿ ಶೇ 10 ಮೀರಬಾರದು. 10 ಕೆ.ಜಿ. ತೂಗುವ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು. ಮೇಲಿನ ಅಳತೆಯ ಒಂದು ತುಂಡಿನಲ್ಲಿ ಹತ್ತಿರಹತ್ತಿರ 10 ಕ್ಯಾಲೊರಿ. ಅಂದರೆ ಐದಾರು ತುಂಡಿಗೆ ನಿಲ್ಲಿಸಬೇಕು, ಅದು ಎಷ್ಟೇ ಮುದ್ದಾಗಿ ನೋಡಲಿ.

ಬೇಸಿಗೆಗೆ ಇನ್ನೊಂದು: ಬೀಜ, ಸಿಪ್ಪೆ ತೆಗೆದ ಕಲ್ಲಂಗಡಿಯನ್ನು ಒಂದೆರಡು ಚಮಚ ಸಪ್ಪೆ ಮೊಸರಿನೊಂದಿಗೆ ರುಬ್ಬಿ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ.

ಯಾವುದೇ ಹೊಸ ತಿನಿಸನ್ನು ಮೊದಲ ದಿನ ಅರ್ಧ ತುಂಡು ಮಾತ್ರ ಕೊಟ್ಟು ವಾಂತಿ, ಭೇದಿ, ತುರಿಕೆ ಬರುತ್ತದೆಯೇ ನೋಡಿ. ಮಧುಮೇಹ, ಮೂತ್ರಪಿಂಡದ ತೊಂದರೆ ಇರುವ ನಾಯಿಗಾದರೆ ಪಶುವೈದ್ಯರನ್ನು ಮೊದಲೇ ಕೇಳಿ. ಒಣದ್ರಾಕ್ಷಿಯನ್ನೋ ಚಾಕೊಲೇಟನ್ನೋ ತಿಂದದ್ದು ಗೊತ್ತಾದರೆ ಲಕ್ಷಣ ಕಾಣಲೆಂದು ಕಾಯಬೇಡಿ. ಎಷ್ಟು ತಿಂದಿತು, ಯಾವಾಗ ತಿಂದಿತು ಎಂಬುದನ್ನು ನೆನಪಿಟ್ಟುಕೊಂಡು ಕೂಡಲೇ ವೈದ್ಯರಿಗೆ ಫೋನ್ ಮಾಡಿ.