ಟೈರಿನ ಬದಿಯಲ್ಲಿರುವ ಲೆಕ್ಕ

ಟೈರಿನ ಬದಿಯಲ್ಲಿರುವ ಅಂಕಿಗಳನ್ನು ಓದಲು ಜಪಾನಿನ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಟೊಯೋಟಾ ಜಿಟಿ86 ಅನ್ನು ತೆಗೆದುಕೊಂಡಿದ್ದೇನೆ. ಅದರ ಮೂಲ ಟೈರು 215/45 ಆರ್17. ಅಂದರೆ ಅಗಲ 215 ಮಿ.ಮೀ., ರಿಮ್ಮಿನ ಅಂಚಿನಿಂದ ಟೈರಿನ ಎತ್ತರ ಅಗಲದ ಶೇ. 45, ರಿಮ್ಮಿನ ವ್ಯಾಸ 17 ಇಂಚು. 431.8ಕ್ಕೆ ಎರಡೂ ಕಡೆಯ 193.5 ಕೂಡಿಸಿ: ಒಟ್ಟು ವ್ಯಾಸ 625.3 ಮಿ.ಮೀ.

ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿದವರು ಅಂದಕ್ಕಾಗಿ 18 ಇಂಚಿನ ರಿಮ್ ಬಯಸುತ್ತಾರೆ. 225/40 ಆರ್18 ಹಾಕಿದರೆ ವ್ಯಾಸ 637.2, ಅಂದರೆ ಸುಮಾರು 12 ಮಿ.ಮೀ. ಹೆಚ್ಚು. ಸ್ಪೀಡೋಮೀಟರ್ ಶೇ. 1.9ರಷ್ಟು ಕಡಿಮೆ ತೋರಿಸುವುದು ಹಾಗಿರಲಿ, ತಗ್ಗಿಸಿದ ಕಾರಿನಲ್ಲಿ ಚಕ್ರದ ಮೇಲೆ ಜಾಗವೇ ಕಡಿಮೆ. ಗುಂಡಿಗೆ ಇಳಿದಾಗ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜಬಹುದು. ಉಜ್ಜಿ ಉಜ್ಜಿ ಓಟದಲ್ಲೇ ಸೀಳಲೂಬಹುದು.

ನಾನಾದರೆ 215/40 ಆರ್18 ಆರಿಸುತ್ತೇನೆ. ವ್ಯಾಸ 629.2, ಹೆಚ್ಚಳ 4 ಮಿ.ಮೀ.ಗಿಂತ ಕಡಿಮೆ. ರಿಮ್ಮಿನ ಅಗಲವನ್ನೂ ನೋಡಬೇಕು: 7 ಇಂಚಿನ ಬದಲು 8 ಆದರೆ, ಆಫ್‌ಸೆಟ್ ಅದೇ 48 ಇದ್ದರೂ, ಒಳಗೂ ಹೊರಗೂ 12.7 ಮಿ.ಮೀ. ಚಾಚುತ್ತದೆ. ಕೊನೆಗೆ ಭಾರದ ಅಂಕಿ. ಮೂಲ ಟೈರಿನದು 87, ಎಂದರೆ 545 ಕೆ.ಜಿ. ಇದೇ ಅಳತೆಯಲ್ಲಿ 85 ಅಂಕಿಯ ಟೈರೂ ಸಿಗುತ್ತದೆ, ಹೊರುವುದು 515 ಮಾತ್ರ. ಅದನ್ನು ಬಿಟ್ಟು 89 ಇರುವುದನ್ನೇ ಕೇಳಿ ಕೊಳ್ಳಬೇಕು.