ಹೊಳಪು ಕಲ್ಲಿನದೇ, ಬಾಟಲಿಯದಲ್ಲ

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಹಳೆಯ ಮನೆಯ ಹಾಲ್‌ಗೆ ಹಾಸಿರುವುದು ಕಡಪ ಕಲ್ಲು. ಅಡುಗೆಮನೆ ಕಟ್ಟೆಗೆ ಚಾಮರಾಜನಗರದ ಕರಿ ಗ್ರಾನೈಟ್. ದಿನವೂ ಹುಣಸೆಹುಳಿ, ನಿಂಬೆರಸ ಚೆಲ್ಲುವ ಕಟ್ಟೆ ಇಂದಿಗೂ ಮುಖ ಕಾಣುವಷ್ಟು ನುಣುಪಾಗಿದೆ. ನೆಲ ಮಾತ್ರ ವರ್ಷದಿಂದ ವರ್ಷಕ್ಕೆ ಬಿಳಿಚಿಕೊಳ್ಳುತ್ತಾ ಬಂತು. ಅದರ ಹೊಳಪನ್ನು ಮರಳಿ ತರುವಾಗ ನಾನು ಕಲಿತದ್ದು ಇಷ್ಟು.

ಮೊದಲು ಕಲ್ಲಿನ ಜಾತಿ ತಿಳಿಯಬೇಕು. ಕಡಪ, ಶಹಾಬಾದ್, ಅಮೃತಶಿಲೆ ಇವೆಲ್ಲ ಸುಣ್ಣದಂಶದ ಕಲ್ಲುಗಳು. ಹುಳಿ ತಾಗಿದರೆ ಮೇಲ್ಮೈ ಕರಗುತ್ತದೆ. ಗ್ರಾನೈಟ್ ನಿಂಬೆಹುಳಿಗೆ ಜಗ್ಗುವುದಿಲ್ಲ. ಅನುಮಾನವಿದ್ದರೆ ಮಂಚದ ಕೆಳಗಿನ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು, ಐದು ನಿಮಿಷ ಕಳೆದು ಒರೆಸಿ ನೋಡಿ. ಬಿಳಿಚಿದ ಕಲೆ ಉಳಿದರೆ ಅದು ಸುಣ್ಣದ ಕಲ್ಲು. ಅಂಥ ನೆಲಕ್ಕೆ ಆ್ಯಸಿಡ್, ವಿನೆಗರ್ ಸೋಕಿಸಲೇಬಾರದು. ಕೊಳೆಯ ಜೊತೆ ಕಲ್ಲೂ ಹೋಗುತ್ತದೆ.

ಹುಳಿಯಷ್ಟೇ ಕೆಟ್ಟದ್ದು ಮರಳು. ಮೋಸ್ ಮಾಪಕದಲ್ಲಿ ಸುಣ್ಣದ ಕಲ್ಲಿನ ಗಡಸುತನ ಸುಮಾರು 3, ಮರಳಿನಲ್ಲಿರುವ ಬೆಣಚಿನದು 7. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಬಗ್ಗಿ ನೋಡಿದರೆ, ಹೊಸ್ತಿಲಿಂದ ಅಡುಗೆಮನೆವರೆಗೆ ಓಡಾಡುವ ದಾರಿಯಲ್ಲೆಲ್ಲ ಕೂದಲೆಳೆಯಂಥ ಗೀರುಗಳು; ಬೀರುವಿನ ಅಡಿಯ ಕಲ್ಲಿನಲ್ಲಿ ಒಂದೂ ಇಲ್ಲ. ಚಪ್ಪಲಿಗಂಟಿದ ಮರಳು, ಬಾಗಿಲ ಮುಂದಿನ ರಂಗೋಲಿಪುಡಿ ಕಾಲಡಿ ಸಿಕ್ಕಿ ಉಜ್ಜಿದ್ದರ ಫಲವಿದು.

ಗೀರು ಬಿದ್ದ ನೆಲಕ್ಕೆ ಯಾವ ದ್ರಾವಣವೂ ಹೊಳಪು ತಾರದು. ಕಲ್ಲನ್ನೇ ಮತ್ತೆ ನುಣುಪಾಗಿಸಬೇಕು. ನೀರು ಬಿಡುತ್ತಾ ಡೈಮಂಡ್ ಪ್ಯಾಡ್‌ನಲ್ಲಿ 400, 800, 1500, 3000 ನಂಬರ್ ಹೀಗೆ ಒಂದಾದ ಮೇಲೊಂದು ಉಜ್ಜಬೇಕು. ನಡುವೆ ಒಂದು ನಂಬರ್ ಬಿಟ್ಟರೆ ಹಿಂದಿನದರ ಗೀರು ಹಾಗೇ ಉಳಿಯುತ್ತದೆ. ಪ್ರತಿ ಹಂತದಲ್ಲೂ ಏಳುವ ಬೂದುಬಣ್ಣದ ರಾಡಿಯನ್ನು ಪೂರ್ತಿ ತೊಳೆದೇ ಮುಂದಿನದಕ್ಕೆ ಹೋಗಬೇಕು. ಒಂದೆರಡು ಕಲ್ಲಾದರೆ ಕೈಯಲ್ಲೇ ಆಗುತ್ತದೆ. ಇಡೀ ಹಾಲ್‌ಗೆ ಪಾಲಿಶ್ ಮಿಷನ್ ಇರುವವರನ್ನೇ ಕರೆಯಿರಿ.

ದಸರೆಯಲ್ಲಿ ಗೊಂಬೆ ಕೂರಿಸಿದ ಜಾಗದ ದೀಪದೆಣ್ಣೆ ಕಲೆಗೆ ಬೇರೆ ಉಪಾಯವಿದೆ. ಅಡುಗೆಸೋಡಾವನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಕಲೆಯ ಮೇಲೆ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಿ. ಆಮೇಲೆ ಹಾಳೆ ತೆಗೆದು ಒಣಗಲು ಬಿಟ್ಟರೆ ಸೋಡಾ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಹಳೆಯ ಕಲೆಗೆ ಇದನ್ನೇ ಮತ್ತೆ ಮತ್ತೆ ಮಾಡಬೇಕು.

ಕೊಬ್ಬರಿಎಣ್ಣೆ ಸವರಿ ಮಿಂಚಿಸುವ ರೂಢಿ ಬೇಡ. ಅದಕ್ಕೆ ಧೂಳು ಅಂಟಿ ನೆಲ ಮತ್ತಷ್ಟು ಕಪ್ಪಿಡುತ್ತದೆ, ಕಾಲೂ ಜಾರುತ್ತದೆ. ದಿನಾ ಮೆತ್ತನೆ ಪೊರಕೆಯಲ್ಲಿ ಗುಡಿಸಿ, ಹುಳಿಯಿಲ್ಲದ ಸೌಮ್ಯ ಸೋಪಿನ ನೀರಲ್ಲಿ ಒರೆಸಿ, ಬಾಗಿಲಿಗೆ ಕಾಲೊರಸು ಹಾಕಿದರೆ ಪಾಲಿಶ್ ಬಹುಕಾಲ ಬಾಳುತ್ತದೆ.

ಪಾಲಿಶ್‌ನವರಿಗೆ ಮೊದಲು ಒಂದೇ ಕಲ್ಲನ್ನು ಮಾಡಿ ತೋರಿಸಲು ಹೇಳಿ. ಒದ್ದೆಯಿದ್ದಾಗ ಎಂಥ ಮಂಕು ಕಲ್ಲೂ ಹೊಳೆಯುತ್ತದೆ. ಪೂರ್ತಿ ಒಣಗಿದ ಮೇಲೆ ನೋಡಿ ಒಪ್ಪಿಗೆಯಾದರಷ್ಟೇ ಉಳಿದ ನೆಲಕ್ಕೆ ಕೈ ಹಚ್ಚಿಸಿ.