ಸೋತವನ ಸಿಟ್ಟಿಗೂ ಲೆಕ್ಕ ಬೇಕು

ಹೊಸ ಕಾರ್ಡು ಬಿಡುಗಡೆಯಾದ ದಿನವೇ ‘ಇದು ಮೋಸ’ ಎಂದು ಕೂಗುವವರಲ್ಲಿ ಎರಡು ಥರ: ಆ ಕಾರ್ಡು ಇಲ್ಲದವರು, ಅದರೆದುರು ಈಗಷ್ಟೇ ಸೋತವರು. ಅದೇ ಕಾರ್ಡು ಮರುದಿನ ಕೈಗೆ ಸಿಕ್ಕರೆ ಇಬ್ಬರ ತಕರಾರೂ ಮುಗಿಯುತ್ತದೆ. ಲಾಕ್‌ಡೌನ್ ಕಾಲದಲ್ಲಿ ನಮ್ಮೂರು ಕೊಣ್ಣೂರಿಗೆ ಮರಳಿದ್ದ ನಾವು ನಾಲ್ಕೈದು ಗೆಳೆಯರು ‘ಹಾರ್ಥ್‌ಸ್ಟೋನ್’ ಎಂಬ ಡಿಜಿಟಲ್ ಕಾರ್ಡಾಟ ಆಡಿದ್ದಕ್ಕಿಂತ ಅದರ ಬಗ್ಗೆ ಜಗಳವಾಡಿದ್ದೇ ಹೆಚ್ಚು. ಆ ಜಗಳಗಳಿಂದ ನಾನು ಕಲಿತದ್ದು ಸಾಕಷ್ಟಿದೆ.

2014ರಲ್ಲಿ ಬಂದ ಈ ಆಟದಲ್ಲಿ ಇಬ್ಬರಿಗೂ ತಾವೇ ಕಟ್ಟಿಕೊಂಡ 30 ಕಾರ್ಡುಗಳ ಡೆಕ್, 30 ಜೀವ. ಕಾರ್ಡು ಹಾಕಲು ಮಾನಾ ಬೇಕು. ಅದು ಸರದಿಗೊಂದರಂತೆ ಏರಿ 10ಕ್ಕೆ ನಿಲ್ಲುತ್ತದೆ. ಮೊದಲು ಆಡುವವನಿಗೆ ಲಾಭ ಹೆಚ್ಚು. ಅದಕ್ಕೇ ಎರಡನೆಯವನಿಗೆ ಒಂದು ಕಾರ್ಡು ಹೆಚ್ಚು ಕೊಟ್ಟು, ಮೇಲೊಂದು ‘ಕಾಯಿನ್’ ಕೊಡುತ್ತಾರೆ. ಅದರಿಂದ ಒಮ್ಮೆ ಮಾತ್ರ ಒಂದು ಮಾನಾ ಹೆಚ್ಚಿಗೆ ಸಿಗುತ್ತದೆ. ಇಬ್ಬರಿಗೂ ಒಂದೇ ಅಳತೆಯಲ್ಲಿ ಕೊಟ್ಟರೆ ನ್ಯಾಯವಾಗದು ಎಂಬುದು ಆಟ ಶುರುವಾಗುವ ಮೊದಲೇ ಇಲ್ಲಿ ತೀರ್ಮಾನವಾಗಿದೆ.

ಹಿರಿಯರಿಗೆ ಇದೆಲ್ಲ ಇಸ್ಪೀಟೇ. ‘ಫೋನಿನ್ಯಾಗೂ ಬಂತೇನ್ರಪಾ ಅದು?’ ಎಂದು ಕೇಳುತ್ತಿದ್ದರು. ರೊಕ್ಕ ಕಟ್ಟಿ ಆಡುವ ಆಟವಲ್ಲ, 2018ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್‌ನ ಪ್ರದರ್ಶನ ಸ್ಪರ್ಧೆಯಲ್ಲಿ ಗುಜರಾತಿನ ತೀರ್ಥ್ ಮೆಹ್ತಾ ಇದೇ ಆಟದಲ್ಲಿ ಕಂಚು ಗೆದ್ದಿದ್ದಾನೆ ಎಂದು ಹೇಳಿ ಪಾರಾಗುತ್ತಿದ್ದೆವು.

2020ರ ಏಪ್ರಿಲ್ 7ರಂದು ಆಟಗಾರ ಆರಿಸಿಕೊಳ್ಳುವ ವರ್ಗಗಳಲ್ಲಿ ಹತ್ತನೆಯದಾಗಿ ‘ಡೀಮನ್ ಹಂಟರ್’ ಬಂತು. ಅದುವರೆಗೆ ಇದ್ದದ್ದು ಒಂಬತ್ತೇ. ಮೊದಲ ಸಂಜೆಯೇ ಗೊತ್ತಾಯಿತು, ಇದರೆದುರು ನಿಲ್ಲುವುದು ಕಷ್ಟ. ಹೆಚ್ಚುಕಮ್ಮಿ ಒಂದೇ ದಿನದಲ್ಲಿ ಆಟದವರು ನಾಲ್ಕು ಕಾರ್ಡುಗಳ ಬಲ ಇಳಿಸಿದರು. ಮೂರು ಕಾರ್ಡು ಎಳೆದುಕೊಡುವ ‘ಸ್ಕಲ್ ಆಫ್ ಗುಲ್ದಾನ್’ನ ಬೆಲೆ 5ರಿಂದ 6 ಮಾನಾಕ್ಕೆ ಏರಿತು. ನೋಡಿದರೆ ಒಂದೇ ಮಾನಾ. ಆದರೆ ಐದನೆಯ ಸರದಿಯಲ್ಲಿ ಬೀಳುತ್ತಿದ್ದ ಏಟು ಆರನೆಯದಕ್ಕೆ ಹೋದರೆ ಎದುರಾಳಿಗೆ ಉಸಿರಾಡಲು ಒಂದು ಸರದಿ ಸಿಕ್ಕಂತೆ. 2015ರ ಜನವರಿಯಲ್ಲಿ ‘ಅಂಡರ್‌ಟೇಕರ್’ ಎಂಬ ಒಂದು ಮಾನಾದ ಕಾರ್ಡಿಗೂ ಹೀಗೇ ಆಗಿತ್ತು. ಮೊದಲು ಅದರ ದಾಳಿ, ಜೀವ ಎರಡೂ ಬೆಳೆಯುತ್ತಿದ್ದವು. ತಿದ್ದಿದ ಮೇಲೆ ದಾಳಿಯೊಂದೇ. ಬಲಾಬಲದ ಚರ್ಚೆ ನಡೆಯಬೇಕಾದದ್ದು ಇಂಥ ಚಿಕ್ಕ ಅಂಕಿಗಳಲ್ಲಿ. ‘ಈ ಕಾರ್ಡು ತೆಗದ ಹಾಕ್ರಿ’ ಎನ್ನುವುದು ಸುಲಭ. ಬೆಲೆ ಎಷ್ಟಿದ್ದರೆ ಸರಿ ಎಂದು ಕೇಳಿದರೆ ಮಾತ್ರ ಯೋಚನೆ ಶುರುವಾಗುತ್ತದೆ.

ನಮ್ಮ ಜಗಳ ನಿಜವಾಗಿ ಬಿಗಡಾಯಿಸಿದ್ದು ಆ ತಿದ್ದುಪಡಿಯ ಮೇಲೆ. ಡೀಮನ್ ಹಂಟರ್‌ನ ಆರಂಭದ ಕಾರ್ಡುಗಳನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದರು. ಉಳಿದ ವರ್ಗಗಳ ಒಳ್ಳೆಯ ಡೆಕ್ ಕಟ್ಟಲು ಪ್ಯಾಕ್ ಕೊಳ್ಳಬೇಕು, ಇಲ್ಲವೇ ಬೇಡದ ಕಾರ್ಡು ಒಡೆದು ‘ಡಸ್ಟ್’ ಕೂಡಿಸಬೇಕು. ಅತ್ಯಂತ ಅಪರೂಪದ ‘ಲೆಜೆಂಡರಿ’ ದರ್ಜೆಯ ಒಂದು ಕಾರ್ಡು ಮಾಡಲು 1600 ಡಸ್ಟ್. ಅದೇ ದರ್ಜೆಯದನ್ನು ಒಡೆದರೆ ಬರುವುದು 400. ಅಂದರೆ ನಾಲ್ಕು ಕೊಟ್ಟರೆ ಒಂದು. ನಮ್ಮಲ್ಲಿ ಪ್ಯಾಕ್ ಕೊಂಡ ಗೆಳೆಯನಿಗೆ ಡೀಮನ್ ಹಂಟರ್ ಮಹಾ ಅನ್ಯಾಯ. ಒಂದು ರೂಪಾಯಿಯೂ ಹಾಕದವನದು ಉಲ್ಟಾ ಮಾತು: ‘ಇಷ್ಟ್ ದಿನ ನೀ ಹೊಡದಾಗ ಆಟ ಸರಿ ಇತ್ತು. ಈಗ ನಾ ಹೊಡದ್ರ ಅನ್ಯಾಯ ಏನು?’

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಇಬ್ಬರ ಪ್ರಶ್ನೆ ಬೇರೆ ಬೇರೆ. ಕಾರ್ಡಿಗೆ ಬಲ ಎಷ್ಟು ಎಂಬುದು ಒಂದು, ಅದು ಯಾರ ಕೈಗೆ ಎಟಕುತ್ತದೆ ಎಂಬುದು ಇನ್ನೊಂದು. ಇವೆರಡನ್ನೂ ಕಲಸಿದರೆ ವಾದ ಎಂದೂ ಮುಗಿಯದು. ನಮ್ಮಂಥ ಮಲಪ್ರಭೆಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1980ರ ಜುಲೈ 21ರಂದು ನರಗುಂದ–ನವಲಗುಂದದಲ್ಲಿ ರೈತರು ಸಿಡಿದೆದ್ದದ್ದರ ಹಿಂದೆ ನೀರಾವರಿಯ ಹೊಲಗಳ ಮೇಲೆ ಹಾಕಿದ ‘ಬೆಟರ್‌ಮೆಂಟ್ ಲೆವಿ’ ಎಂಬ ಕರ ಇತ್ತು. ಕಾಲುವೆಯ ತಲೆಯಲ್ಲಿದ್ದ ಹೊಲಕ್ಕೂ ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಒಂದೇ ನಿಯಮ ಹಾಕಿದರೆ ಕಾಗದದ ಮೇಲಿನ ಸಮಾನತೆ ಹೊಲದಲ್ಲಿ ಕಾಣುವುದಿಲ್ಲ. ಆಟವೊಂದನ್ನು ಅಂಥ ಹೋರಾಟದ ಪಕ್ಕ ಇಡುವುದು ಹೆಚ್ಚಾಯಿತೇನೋ, ಆದರೆ ‘ನಿಯಮ ಎಲ್ಲರಿಗೂ ಒಂದೇ ಅಲ್ವಾ’ ಎಂಬ ವಾದ ಎಲ್ಲಿ ಸೋಲುತ್ತದೆ ಎಂದು ನನಗೆ ತಿಳಿದದ್ದು ಆ ಕಥೆಯಿಂದಲೇ.

ಕೊನೆಗೆ ನಮ್ಮ ನಮ್ಮಲ್ಲೇ ಕೆಲವು ಕಟ್ಟುಪಾಡು ಮಾಡಿಕೊಂಡೆವು. ಮೊದಲನೆಯದು, ಬರೆದಿಡುವುದು. ಯಾವ ಡೆಕ್, ಯಾರು ಮೊದಲು, ಎಷ್ಟನೆಯ ಸರದಿಗೆ ಸೋಲು ಎಂದು ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆವು. ಎಲ್ಲರೂ ಬೈಯುತ್ತಿದ್ದದ್ದು ಕೊನೆಗೆ ಬಂದು ಬೀಳುವ ದೊಡ್ಡ ಕಾರ್ಡುಗಳನ್ನು. ಲೆಕ್ಕ ನೋಡಿದರೆ ಆಟ ಬಹಳ ಸಲ ಮೂರು-ನಾಲ್ಕನೆಯ ಸರದಿಯಲ್ಲೇ ಕೈಬಿಟ್ಟಿರುತ್ತಿತ್ತು; ಕೆಲಸ ಮಾಡಿದವು ಅಗ್ಗದ, ಯಾರೂ ಹೆಸರೆತ್ತದ ಕಾರ್ಡುಗಳು. ಕೊನೆಯ ಏಟು ನೆನಪಿನಲ್ಲಿ ಉಳಿಯುತ್ತದೆ, ಮೊದಲ ಗಾಯ ಉಳಿಯುವುದಿಲ್ಲ.

ಎರಡನೆಯದು ಹುಲಿ-ಕುರಿ ಆಟದಿಂದ ಬಂದದ್ದು. ಅಲ್ಲಿ ಹುಲಿಗೂ ಕುರಿಗೂ ಬಲ ಒಂದೇ ಅಲ್ಲ, ಗೆಲ್ಲುವ ದಾರಿಯೂ ಒಂದೇ ಅಲ್ಲ. ಅದಕ್ಕೇ ಒಂದು ಆಟ ಹುಲಿ ನಡೆಸಿದವನು ಮುಂದಿನದಕ್ಕೆ ಕುರಿ ಹಿಡಿಯುತ್ತಾನೆ. ನಾವೂ ದೂರು ಹೇಳಿದವನಿಗೆ ಆ ದೂರಿನ ಡೆಕ್ಕನ್ನೇ ಕೊಟ್ಟು ಆಡಿಸಿದೆವು. ಒಳಗಿನಿಂದ ನೋಡಿದಾಗ ಅದರ ಹುಳುಕೂ ಕಾಣುತ್ತದೆ. ಕೈಯಲ್ಲಿ ಕಾರ್ಡು ಖಾಲಿಯಾದ ಡೀಮನ್ ಹಂಟರ್ ಎಷ್ಟು ಬಡಪಾಯಿ ಎಂಬುದು ಅದನ್ನು ಆಡಿದವನಿಗೇ ಗೊತ್ತು.

ಇಂಥ ಜಾಣತನ ಹಳೆಯ ಎಲೆಯಾಟದಲ್ಲೂ ಇದೆ ಎಂಬುದು ಆಮೇಲೆ ಓದಿ ತಿಳಿಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾದ ಮೇಲೆ ಮನಸ್ಸಿಟ್ಟು ‘ಛದ್’ ಎಂಬ ಹೊಸ ಹೊಸ ಆಟಗಳನ್ನೇ ರೂಪಿಸಿದವರು. ದಶಾವತಾರ ಗಂಜೀಫಾದಲ್ಲಿ 10 ಬಣ್ಣ, 120 ಎಲೆ. ಐದು ಬಣ್ಣಗಳಲ್ಲಿ ರಾಜ, ಮಂತ್ರಿಯ ನಂತರ ಹತ್ತು ದೊಡ್ಡದು. ಉಳಿದ ಐದರಲ್ಲಿ ಒಂದೇ ದೊಡ್ಡದು, ಹತ್ತು ಕೊನೆಗೆ. ಬರೀ ಸಣ್ಣ ಎಲೆ ಬಂದವನೂ ಹಣೆ ಬಡಿದುಕೊಳ್ಳಬೇಕಿಲ್ಲ. ಹಗಲಿನಲ್ಲಿ ರಾಮನ ಎಲೆ ಇದ್ದವನು, ರಾತ್ರಿಯಲ್ಲಿ ಕೃಷ್ಣನ ಎಲೆ ಇದ್ದವನು ಆಟ ಶುರುಮಾಡುತ್ತಾನೆ. ಮೊದಲ ಸರದಿಯ ಲಾಭ ಸದಾ ಒಂದೇ ಎಲೆಗೆ ಅಂಟಿಕೊಳ್ಳದಂತೆ ನಿಯಮ ನೋಡಿಕೊಳ್ಳುತ್ತದೆ.

ಮೂರನೆಯ ಕಟ್ಟುಪಾಡು, ವಾರಕ್ಕೊಂದು ಸಂಜೆ ಎಲ್ಲರೂ ಸಾಮಾನ್ಯ ದರ್ಜೆಯ ಕಾರ್ಡುಗಳಲ್ಲಷ್ಟೇ ಆಡುವುದು. ಪ್ಯಾಕ್ ಕೊಂಡಿದ್ದ ಗೆಳೆಯ ಆ ಸಂಜೆಗಳಲ್ಲೂ ಗೆದ್ದ. ಅವನ ಗೆಲುವಿನಲ್ಲಿ ರೊಕ್ಕದ ಪಾಲೆಷ್ಟು, ಬುದ್ಧಿಯ ಪಾಲೆಷ್ಟು ಎಂದು ಆಗ ಎಲ್ಲರಿಗೂ ಕಂಡಿತು. ಅವನ ಮೇಲಿನ ಅನುಮಾನವೂ ಹೋಯಿತು. ಹಣವಿಲ್ಲದವನಿಗೆ ಅನುಕೂಲವಾಗಲಿ ಎಂದು ಮಾಡಿದ ನಿಯಮ ಹಣವಿದ್ದವನಿಗೂ ಮರ್ಯಾದೆ ತಂದುಕೊಟ್ಟಿತು.

ಈಗ ನಾವೆಲ್ಲ ಮತ್ತೆ ಊರೂರಿಗೆ ಚದುರಿದ್ದೇವೆ. ಹೊಸ ಕಾರ್ಡುಗಳು ಬಂದಾಗ ಕರೆ ಮಾಡಿ ಜಗಳವಾಡುವುದು ನಿಂತಿಲ್ಲ. ಅನ್ಯಾಯ ಎನ್ನುವವನು ಮೊದಲು ಅದರ ಬೆಲೆ ಹೇಳಬೇಕು, ಎದುರು ಉತ್ತರ ಯಾವುದಿದೆ ಹೇಳಬೇಕು, ಆ ಉತ್ತರ ರೊಕ್ಕ ಹಾಕದವನಲ್ಲೂ ಇದೆಯೇ ಎಂದು ಹೇಳಬೇಕು. ಇದರಿಂದ ತಕರಾರೇನೂ ಕಡಿಮೆಯಾಗಿಲ್ಲ. ತಕರಾರು ಮಾಡುವವರಿಗೆ ಅಂಕಿ ಬಾಯಿಪಾಠವಾಗಿದೆ, ಅಷ್ಟೇ.